ಬುಧವಾರದ ಅವಲಕ್ಕಿ

ಮಾನ್ವಿಯಲ್ಲಿ ತುಂಗಾಬಾಯಿಯ ಅಡಿಗೆಮನೆಯಲ್ಲಿ ಜಯಾಬಾಯಿ ಅಕ್ಕಿ ಆರಿಸುತ್ತಿದ್ದಳು. ಪಡಸಾಲೆಯಲ್ಲಿ ಗಂಡ ವಾದಿರಾಜನ ಮಾತು.

“ಬುಧವಾರ ಮಧ್ಯಾಹ್ನ ತುದಿ ಮುಟ್ಟಿದ್ವಿ, ವೈನಿ. ನೀವು ಕಟ್ಟಿಕೊಟ್ಟ ಅವಲಕ್ಕಿ ಇಬ್ಬರೂ ತಿಂದ್ವಿ. ಇಳಿಯುವಾಗ ಶೇಷಗಿರಿ ಜಾರಿದ.”

“ಉಂಡು ಹೋದ್ರಲ್ಲ, ಅಷ್ಟಽ ಸಾಕು,” ಎಂದಳು ಶೇಷಗಿರಿಯ ಹೆಂಡತಿ ತುಂಗಾಬಾಯಿ.

ವಾದಿರಾಜ, ಶೇಷಗಿರಿ ಇಬ್ಬರೂ ಹೈಸ್ಕೂಲು ಮಾಸ್ತರರು. ಎಂಬತ್ತೆರಡರ ಬೇಸಿಗೆ ರಜೆಗೆ ಹಿಮಾಲಯ ಹತ್ತಲು ಹೋದವರು. ವಾದಿರಾಜ ಒಬ್ಬನೇ ತಿರುಗಿ ಬಂದಿದ್ದ.

ತುಂಗಾಬಾಯಿ ಒಳಗೆ ಬಂದಳು. “ಮಾಸಿಕಕ್ಕ ಆಚಾರ್ರು ತಿಥಿ ಕೇಳ್ಯಾರ. ನೀನಽ ಪಂಚಾಂಗ ನೋಡು, ಜಯಾ. ತಂತಿ ಬಂದಾಗಿಂದ ನನಗ ದಿನಾನಽ ತಿಳೀವಲ್ದು.”

ಜಯಾಬಾಯಿ ಬುಧವಾರದ ಸಾಲಿಗೆ ಬೆರಳಿಟ್ಟಳು. ಏಕಾದಶಿ. ಆ ದಿನ ಶೇಷಗಿರಿ ಅವಲಕ್ಕಿಯನ್ನೂ ಮುಟ್ಟುವವನಲ್ಲ.

*

ಗಂಡ ಹೇಳಿದ ವಾರ ತಪ್ಪಿರಬಹುದು. ಅಲ್ಲಿಯ ಪೊಲೀಸರ ಕಾಗದ ತೆಗೆದು ನೋಡಿದಳು. ಹೊರಟದ್ದು ಬುಧವಾರ ನಸುಕಿಗೆ. ಕಮರಿಯಲ್ಲಿ ಹೆಣ ಸಿಕ್ಕದ್ದು ಗುರುವಾರ.

ಊರು ಬಿಟ್ಟಾಗ ನೇಮ ಸಡಿಲಿಸಿರಬಹುದು.

“ಪ್ರವಾಸದಾಗ ಅವರು ಉಪವಾಸ ಬಿಡ್ತಿದ್ರೇನು?”

“ಟೈಫಾಯ್ಡ್ ಬಂದಾಗಽ ಬಿಡಲಿಲ್ಲ. ಡಾಕ್ಟರು ಬೈದ್ರು, ನಾ ಬೈದೆ. ಗ್ವಾಡಿ ಕಡೆ ತಿರುಗಿ ಮಲಗಿಬಿಟ್ರು, ಮಹರಾಯರು.” ತುಂಗಾಬಾಯಿ ನಕ್ಕಳು. ಹತ್ತು ದಿನದಲ್ಲಿ ಮೊದಲ ನಗು.

*

ಹಿತ್ತಲ ಬಾವಿಯ ಹತ್ತಿರ ವಾದಿರಾಜ ನೀರು ಸೇದುತ್ತಿದ್ದ.

“ಬುಧವಾರ ಏಕಾದಶಿ ಇತ್ತು,” ಎಂದಳು.

ಹಗ್ಗ ನಿಂತಿತು. “ಗುಡ್ಡದ ಮ್ಯಾಲೆ ಎಂಥಾ ಏಕಾದಶಿ?”

“ನಿಮಗ ನೆನಪಿರಲಿಲ್ಲ, ಖರೆ. ಅವರು ಬಾಜೂಕ ಇದ್ದಿದ್ರ, ಗಂಟು ಬಿಚ್ಚಿದ ಕೂಡಲೇ ನೆನಪು ಮಾಡ್ತಿದ್ರು. ತುದಿ ಮ್ಯಾಲೆ ತಿಂದವರು ನೀವೊಬ್ಬರಽ. ಅವರು ಎಲ್ಲಿದ್ರು?”

ಅವನು ಬಾವಿಕಟ್ಟೆಯ ಮೇಲೆ ಕುಳಿತ.

“ಅರ್ಧ ದಾರ್ಯಾಗ, ದೇವದಾರು ಗಿಡದ ಬುಡಕ್ಕ. ಕಾಲು ಉಳುಕಿತ್ತು. ಬಿಟ್ಟು ಹೋಗಬ್ಯಾಡ ಅಂದ. ತುದಿ ಕಾಣಸ್ತಿತ್ತು, ಜಯಾ. ಗಂಟು ನನ್ನ ಚೀಲದಾಗಽ ಇತ್ತು. ತಾಸಿನಾಗ ಬರ್ತೀನಿ ಅಂತ ಹೋದೆ. ಮಂಜು ಕವೀತು. ಬ್ಯಾರೆ ದಾರಿ ಹಿಡಿದು ಇಳಿದೆ.”

“ಹೊಳ್ಳಿ ಹತ್ತಿ ನೋಡಲಿಲ್ಲ?”

“ಅವನಽ ಇಳಿದಿರ್ತಾನ ಅಂದ್ಕೊಂಡೆ. ಪೊಲೀಸರಿಗೆ ಸುಳ್ಳು ಹೇಳಿದೆ. ವೈನಿಗೆ ಹೇಳಿದ್ದು ಸಮಾಧಾನಕ್ಕ.”

ಯಾರ ಸಮಾಧಾನಕ್ಕೆ ಎಂದು ಅವಳು ಕೇಳಲಿಲ್ಲ. ಶೇಷಗಿರಿ ಕುಂಟುತ್ತ ಒಬ್ಬನೇ ದಾರಿ ಹುಡುಕಿ ಕಮರಿಗೆ ಜಾರಿರಬೇಕು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡನ ಮುಖವನ್ನು ಅವಳು ಹೊಸದಾಗಿ ನೋಡಿದಳು. ತುಂಗಾಬಾಯಿ ಇವತ್ತಲ್ಲ ನಾಳೆ ಪಂಚಾಂಗ ನೋಡುವವಳೇ. ಇದು ಅವಳಿಗೆ ಒಬ್ಬಳೇ ಇದ್ದಾಗ ತಿಳಿಯಬಾರದು. ತಾನೇ ಹೇಳಬೇಕು, ಇವತ್ತೇ. ಆಮೇಲೆ ಎಷ್ಟು ದಿನವಾದರೂ ಅವಳ ಪಕ್ಕದಲ್ಲಿರಬೇಕು.

“ಐದರ ಬಸ್ಸಿಗೆ ನೀವು ರಾಯಚೂರಿಗೆ, ನಮ್ಮ ಮನಿಗೆ ನಡೀರಿ,” ಎಂದಳು ಗಂಡನಿಗೆ. “ನನಗ ಇಲ್ಲಿ ಕೆಲಸ ಅದ.”