ನೀಲಿ ಉರಿಯ ನೆಪ

ಉರಿ ಸಣ್ಣಗಾಗಿದೆ ಎಂದು ಒಲೆ ರಿಪೇರಿಯವರಿಗೆ ಫೋನ್ ಮಾಡಿದ್ದು ನಾನೇ. ಬಂದವರು ಬಾಗಿಲಲ್ಲಿ ಒಮ್ಮೆ ಉಸಿರೆಳೆದುಕೊಂಡು, ನನ್ನನ್ನು ದಾಟಿ ಅಡುಗೆಮನೆಗೆ ನುಗ್ಗಿದರು. ರೆಗ್ಯುಲೇಟರ್ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದರು. ಪುಣ್ಯಕ್ಕೆ ಒಲೆ ಹಚ್ಚಿರಲಿಲ್ಲ.

"ಸ್ವಿಚ್ ಮುಟ್ಬೇಡಿ. ಇಷ್ಟು ಗ್ಯಾಸ್ ಸೋರ್ತಿದೆ, ನಿಮಗೆ ವಾಸನೆ ಬರ್ಲಿಲ್ವಾ?"

"ನೆಗಡಿ," ಎಂದೆ.

ಸುಳ್ಳು. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ವಾಸನೆ ಹಿಡಿಯುವ ನನ್ನ ಶಕ್ತಿಯನ್ನೂ ಕೊಂಡೊಯ್ದಿತ್ತು. ಆಮೇಲಿಂದ ನನ್ನ ಮೂಗು ಸಿಟ್ಟು ಕೂರುವ ಜಾಗ ಮಾತ್ರ. ಅಮ್ಮನಿಗೂ ಹೇಳಿರಲಿಲ್ಲ. ಗೊತ್ತಾದರೆ ಮಂಡಿನೋವಿನಲ್ಲೇ ಎದ್ದು ತಾನೇ ಅಡುಗೆಗೆ ನಿಲ್ಲುತ್ತಾಳೆ. ಆ ದಿನ ಅವಳು ಅಕ್ಕನ ಮನೆಗೆ ಹೋಗಿದ್ದರಿಂದ ಗುಟ್ಟು ಉಳಿಯಿತು.

ಮುಂದಿನ ಶುಕ್ರವಾರ ರಿಪೇರಿಯವರು ಕರೆಯದೆಯೇ ಬಂದರು. ತಾವು ಹಾಕಿದ ಹೊಸ ಪೈಪಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತ ಕೂತರು.

"ನೆಗಡಿ ವಾಸಿ ಆಯ್ತಾ?"

"ಇನ್ನೂ ಇದೆ."

"ಒಂದ್ಸಲನೂ ಸೀನಿದ್ದು ಕಾಣೆ."

ಕಣ್ಣು ನೊರೆಯ ಮೇಲೇ ಇತ್ತು. ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. ಹೆತ್ತವಳಿಗೂ ಹೇಳದ್ದನ್ನು ಆ ಮನುಷ್ಯನಿಗೆ ಹೇಳಿಬಿಟ್ಟೆ. ಅವರು ಅಯ್ಯೋ ಪಾಪ ಅನ್ನಲಿಲ್ಲ.

"ಹಾಗಾದ್ರೆ ನಿಮಗೆ ಗ್ಯಾಸ್ ಬೇಡ," ಎಂದರು.

ತಮ್ಮ ಅಂಗಡಿಯಿಂದ ಕರೆಂಟ್ ಒಲೆ ತಂದುಕೊಟ್ಟರು. ಆರಿಸಿದ ಮೇಲೂ ಅದರ ಸುರುಳಿ ಕಾದೇ ಇರುತ್ತದೆ, ಹಾಲು ಉಕ್ಕಿ ಚೆಲ್ಲಿತು. ಅದನ್ನು ವಾಪಸ್ ಕಳಿಸಿದೆ. ಆಮೇಲೆ ಇಂಡಕ್ಷನ್ ಬಂತು. ನನ್ನ ಅಲ್ಯೂಮಿನಿಯಂ ಪಾತ್ರೆಗಳನ್ನು ಅದು ಪಾತ್ರೆ ಎಂದೇ ಒಪ್ಪಲಿಲ್ಲ, ಇಟ್ಟರೆ ಕುಂಯ್ ಎಂದು ಮುನಿಸಿಕೊಳ್ಳುತ್ತಿತ್ತು.

"ನನಗೆ ಉರಿ ಕಾಣ್ಬೇಕು," ಎಂದು ಅಮ್ಮನಿಗೆ ಕೇಳಿಸದ ಹಾಗೆ ವಾದಿಸಿದೆ. "ವಾಸನೆ ಇಲ್ಲ, ರುಚಿನೂ ಅರ್ಧಂಬರ್ಧ. ಕಣ್ಣಲ್ಲೇ ಅಡುಗೆ ಮಾಡೋಳು ನಾನು. ಇದರಲ್ಲಿ ಬರೀ ನಂಬರ್."

ಸುಳ್ಳಲ್ಲ. ಆದರೆ ಕುಣಿಯಲಾರದೆ ನೆಲ ಡೊಂಕು ಅಂದವರ ಸಾಲಿಗೆ ನಾನೂ ಸೇರಿದ್ದೆ. ಗ್ಯಾಸ್ ಇದ್ದರೆ ಪೈಪ್ ನೋಡಲು ಪ್ರತಿ ಶುಕ್ರವಾರ ಅವರು ಬರುತ್ತಾರೆ. ಇಂಡಕ್ಷನ್ ನೋಡಲು ಯಾರೂ ಬರಬೇಕಾಗಿಲ್ಲ.

"ಒಲೆಗೆ ಇಷ್ಟೊಂದು ಕಾಯಿಲೆ ನಾನು ಕಂಡಿಲ್ಲಮ್ಮ," ಎಂದಳು ಅಮ್ಮ ಕುರ್ಚಿಯಿಂದ. "ಕಾಯಿಲೆ ಒಲೆಗೋ, ನಿನಗೋ?"

ಐದನೆಯ ಶುಕ್ರವಾರ ಅವರು ಹೋಗಲು ಎದ್ದವರು ಹಾಗೇ ನಿಂತರು.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ ಇದೆ."

ನನ್ನ ಬಾಯಿಂದ ಹೂಂ ಹೊರಡುವುದರಲ್ಲಿತ್ತು. ಅವರು ಕೈ ಅಡ್ಡ ಹಿಡಿದರು.

"ಈಗ ಹೇಳ್ಬೇಡಿ. ಈ ಸಿಲಿಂಡರ್ ಇಲ್ಲಿರೋವರೆಗೂ ನೀವು ಹೂಂ ಅಂದ್ರೆ, ನನ್ನ ಮೇಲಿನ ಪ್ರೀತಿಗೆ ಅಂದ್ರೋ, ಗ್ಯಾಸಿನ ಭಯಕ್ಕೆ ಅಂದ್ರೋ, ನನಗೆ ತಿಳಿಯಲ್ಲ. ಇದನ್ನ ಕಳಿಸಿಬಿಡಿ. ಒಲೆಗೆ ನಾನು ಬೇಕಾಗದ ಹಾಗೆ ಆಗ್ಲಿ. ಆಮೇಲೂ ನೆನಪಾದ್ರೆ ಹೇಳಿ."

ಸಿಟ್ಟು ಬಂತು, ಅದರ ಹಿಂದೆಯೇ ಅಳು. ಆದರೆ ಮಾತು ನ್ಯಾಯವಾಗಿತ್ತು. ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ.

"ಗೊತ್ತಿತ್ತು ಕಣೇ," ಎಂದಳು. "ಅನ್ನ ಸೀದ ವಾಸನೆ ನನಗೆ ಬರುತ್ತಲ್ಲ. ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಸಿಲಿಂಡರ್ ಹೋಯಿತು. ಇಂಡಕ್ಷನ್ನಿಗೆ ಒಗ್ಗುವ ಹೊಸ ಪಾತ್ರೆ ಬಂತು. ಅನ್ನಕ್ಕೆ ಐದು, ಹಾಲಿಗೆ ಮೂರು ಎಂದು ನಂಬರ್ ಕಲಿತೆ. ಹೊತ್ತು ಮುಗಿದರೆ ಒಲೆ ತಾನೇ ಆರುತ್ತದೆ. ರಾತ್ರಿ ಮೂರು ಸಲ ಎದ್ದು ನಾಬ್ ತಿರುಗಿಸಿ ನೋಡುತ್ತಿದ್ದವಳು ಈಗ ಬೆಳಗಿನವರೆಗೆ ಮಲಗುತ್ತಿದ್ದೆ. ಶುಕ್ರವಾರ ಬಂತು, ಅವರು ಬರಲಿಲ್ಲ. ಇನ್ನೊಂದು ಶುಕ್ರವಾರವೂ ಹಾಗೇ ಕಳೆಯಿತು. ಭಯವೆಲ್ಲ ಹೋದ ಅಡುಗೆಮನೆಯಲ್ಲಿ ನಿಂತಾಗ ತಿಳಿಯಿತು, ಅವರಿಲ್ಲದ ಸಂಕಟ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಫೋನ್ ಮಾಡಿದೆ.

"ಏನಾಯ್ತು? ಎರರ್ ತೋರಿಸ್ತಿದೆಯಾ?" ದನಿಯಲ್ಲಿ ಗಾಬರಿಯಿತ್ತು.

"ಇಲ್ಲ. ಚೆನ್ನಾಗಿ ನಡೀತಿದೆ."

"ಮತ್ತೆ?"

"ಒಲೆಗೆ ನೀವು ಬೇಡ," ಎಂದೆ. "ನನಗೆ ಬೇಕು."

ಆ ಕಡೆಯಿಂದ ಅಂಗಡಿಯ ಶಟರ್ ಕೆಳಗೆಳೆಯುವ ಸದ್ದು ಕೇಳಿಸಿತು, ನಡುಹಗಲಲ್ಲೇ.