ಎಡಕ್ಕೆ ಇಂಡಿಕೇಟರ್, ಬಲಕ್ಕೆ ಗಾಡಿ

ಢಮ್!

ಹಿಂದಿನ ಜೀಪು ನಮ್ಮ ಕಾರಿಗೆ ಎರಡನೇ ಸಲ ಗುದ್ದಿತು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು.

"ಸೀಟ್ ಬೆಲ್ಟ್ ಯಾಕೆ ಹಾಕಿಲ್ಲ?" ಸ್ಟಿಯರಿಂಗ್ ಹಿಡಿದಿದ್ದ ಟೀಚರ್ ಗದರಿದರು.

ನೋಡಿ, ಇನ್ಶೂರೆನ್ಸ್ ಕಂಪನಿಗಳಿಗಾಗಿ ಸುಳ್ಳು ಕ್ಲೇಮ್ ಹಿಡಿಯುವುದು ನನ್ನ ಕೆಲಸ. ಚಾಕು ನೋಡಿದ್ದೇನೆ, ಕಬ್ಬಿಣದ ಸರಳು ನೋಡಿದ್ದೇನೆ. ನನಗೆ ಗಾಡಿ ಕಲಿಸಿದ ಈ ಡ್ರೈವಿಂಗ್ ಸ್ಕೂಲ್ ಟೀಚರಿಗೆ ಹೆದರಿದಷ್ಟು ಯಾರಿಗೂ ಹೆದರಿಲ್ಲ.

ವಿಷಯ ಇಷ್ಟೇ. ಅವರಿಗೆ ಗೊತ್ತಿಲ್ಲದಂತೆ ಅವರ ತಮ್ಮ ಸ್ಕೂಲಿನ ಕಾರಿನ ಎಂಜಿನ್‌ಗೆ ವೇಗ ಹೆಚ್ಚಿಸುವ ಟರ್ಬೊ ಹಾಕಿಸಿದ್ದ. ಇನ್ಶೂರೆನ್ಸ್‌ನವರಿಗೆ ಹೇಳಿರಲಿಲ್ಲ. ನಾಳೆ ಯಾವನೋ ಕಲಿಯುವವನು ಯಾರ ಮೇಲೋ ಗಾಡಿ ಹತ್ತಿಸಿದರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಟೀಚರಿಗೆ ಕೋರ್ಟು. ಸ್ಕೂಲಿಗೆ ಬೀಗ.

ಅದು ನನ್ನ ಕಣ್ಣಿಗೆ ಬಿತ್ತು, ಟೀಚರಿಗೆ ಹೇಳಿದೆ. "ಕಂಪನಿಗೆ ನಾನೇ ಹೋಗಿ ಹೇಳ್ತೀನಿ" ಅಂದರು. ಜೊತೆಗೆ ನನ್ನನ್ನು ಕರೆದುಕೊಂಡರು. ತಮ್ಮನ ಬಾಯಿ ಸುಮ್ಮನಿರಲಿಲ್ಲ. ಸುದ್ದಿಯೂ ನನ್ನ ನಂಬರೂ ಬೋಲ್ಟಣ್ಣನಿಗೆ ಮುಟ್ಟಿದವು.

ಬೋಲ್ಟಣ್ಣ ಅಂದರೆ ಟರ್ಬೊ ಹಾಕಿದ ಗ್ಯಾರೇಜಿನ ಮಾಲೀಕ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಹಸಿರು ಗೀಟು ಎಳೆಯುವುದು ಅವನ ಚಾಳಿ. ಅದೇ ಈಗ ಕುತ್ತಿಗೆಗೆ ಬಂದಿತ್ತು. ತಾನೇ ಟರ್ಬೊ ಹಾಕಿದ ಎಷ್ಟೋ ಕಾರುಗಳಿಗೆ 'ಎಂಜಿನ್ ಮುಟ್ಟಿಲ್ಲ' ಅಂತ ಇನ್ಶೂರೆನ್ಸ್‌ಗೆ ಬರೆದುಕೊಟ್ಟಿದ್ದಾನೆ. ಒಂದು ಕಾರಿನ ಗೀಟು ಕಂಪನಿಯವರ ಕಣ್ಣಿಗೆ ಬಿದ್ದರೆ ಸಾಕು, ಎಲ್ಲ ಬಾನೆಟ್ಟುಗಳೂ ತೆರೆದುಕೊಳ್ಳುತ್ತವೆ!

ನನ್ನ ಮೊಬೈಲ್ ಬಡಿದುಕೊಂಡಿತು. ಜೀಪಿನಿಂದ ಬೋಲ್ಟಣ್ಣ.

"ಅಕ್ಕಂಗೆ ಹೇಳಪ್ಪಾ, ಗಾಡಿ ವಾಪಸ್ ತಿರುಗಿಸಲಿ. ಇಲ್ಲಾಂದ್ರೆ ಇಬ್ರನ್ನೂ ಡಿವೈಡರ್‌ಗೆ ಹಚ್ತೀನಿ..."

"ಗಾಡಿ ಓಡಿಸ್ತಾ ಫೋನಾ?" ಟೀಚರ್ ಫೋನಿನತ್ತ ಕಿರುಚಿದರು. "ಲೈಸೆನ್ಸ್ ಯಾರೋ ಕೊಟ್ಟಿದ್ದು ನಿಂಗೆ?"

ಲೈನ್ ಕಟ್.

ಎಡಕ್ಕೆ ತಿರುಗಿದೆವು. ಜೀಪೂ ತಿರುಗಿತು. ಬಲಕ್ಕೆ... ಅಲ್ಲೂ ಬಂತು. ನಾವು ತಿರುಗುವ ಮೊದಲೇ ಇವನಿಗೆ ಹೇಗೆ ಗೊತ್ತಾಗುತ್ತಿದೆ?

ಟಿಕ್... ಟಿಕ್... ಟಿಕ್...

"ಟೀಚರ್! ಇಂಡಿಕೇಟರ್ ಹಾಕ್ತಿದ್ದೀರಾ?"

"ಮತ್ತೆ? ಹಾಕ್ದೆ ತಿರುಗಿಸಿದ್ರೆ ಟೆಸ್ಟಲ್ಲಿ ಫೇಲ್!"

"ಅವನು ಅದನ್ನೇ ನೋಡ್ಕೊಂಡು ಬರ್ತಿದಾನೆ! ಎಡಕ್ಕೆ ಹಾಕಿ, ಬಲಕ್ಕೆ ತಿರುಗಿಸಿ."

"ಸತ್ಯ ಹೇಳೋಕೆ ಹೊರಟಿದ್ದೀನಿ ಕಣಪ್ಪಾ. ದಾರೀಲಿ ಸುಳ್ಳು ಹೇಳು ಅಂತೀಯಲ್ಲ!"

ಢಮ್! ಹಿಂದಿನ ಗಾಜು ಪುಡಿಪುಡಿ.

ಟೀಚರ್ ಹಲ್ಲು ಕಚ್ಚಿದರು. ಎಡಗಡೆಯ ಇಂಡಿಕೇಟರ್ ಹಾಕಿದರು.

ನಮ್ಮನ್ನು ಅಡ್ಡಗಟ್ಟಲು ಜೀಪು ಮೊದಲೇ ಎಡಕ್ಕೆ ನುಗ್ಗಿತು. ಟೀಚರ್ ಬಲಕ್ಕೆ ಎಳೆದು ಆಕ್ಸಿಲರೇಟರ್ ತುಳಿದರು. ಟರ್ಬೊ ಸಿಳ್ಳೆ ಹಾಕಿತು... ನನ್ನ ಜೀವ ಬಾಯಿಗೆ ಬಂತು!

ಹಿಂದೆ ಧಡಾರ್!

ಎಡಗಡೆಯ ರಸ್ತೆಯನ್ನು ಪೈಪ್ ಹಾಕಲು ಅಗೆದಿದ್ದರು. ಜೀಪು ಮೂತಿ ಕೆಳಗಾಗಿ ಗುಂಡಿಯಲ್ಲಿತ್ತು. ಬೋಲ್ಟಣ್ಣ ತೆವಳಿಕೊಂಡು ಹೊರಬರುವುದು ಕನ್ನಡಿಯಲ್ಲಿ ಕಂಡಿತು.

ಇನ್ಶೂರೆನ್ಸ್ ಆಫೀಸು. ಕೌಂಟರಿನಾಕೆ ಎಲ್ಲ ಕೇಳಿಸಿಕೊಂಡಳು. ಟರ್ಬೊ, ತಮ್ಮ, ಗ್ಯಾರೇಜು, ಹಸಿರು ಗೀಟು.

"ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತೆ ಮೇಡಂ. ಇನ್ಸ್‌ಪೆಕ್ಷನ್ ಮುಗಿಯೋವರೆಗೆ ಈ ಗಾಡೀಲಿ ಯಾರಿಗೂ ಕಲಿಸಬೇಡಿ."

"ಆಗಲಿ. ಪಾಲಿಸಿ ಉಳಿಯುತ್ತಲ್ಲ?"

"ಉಳಿಯುತ್ತೆ. ಏನೂ ಆಗೋ ಮೊದಲೇ ಬಂದು ಹೇಳಿದ್ರಲ್ಲ."

ಟೀಚರ್ ಆಗ ಉಸಿರು ಬಿಟ್ಟರು.

ಕೌಂಟರಿನ ಫೋನ್ ರಿಂಗಾಯಿತು. ಆಕೆ ಬರೆಯುತ್ತಲೇ ಸ್ಪೀಕರ್ ಒತ್ತಿದಳು.

"ಮೇಡಂ, ಆಕ್ಸಿಡೆಂಟ್! ಜೀಪು ಗುಂಡಿಗೆ ಬಿದ್ದಿದೆ. ಕ್ಲೇಮ್ ಮಾಡ್ಬೇಕು..."

ಬೋಲ್ಟಣ್ಣ!

ಆಕೆ ನನ್ನ ಮುಖ ನೋಡಿದಳು. ಅವನೇ ಅಂತ ನಾನು ತಲೆಯಾಡಿಸಿದೆ.

"ಸರ್, ಎಂಜಿನ್‌ಗೆ ಏನಾದ್ರೂ ಮಾಡಿಫಿಕೇಶನ್ ಮಾಡಿಸಿದ್ದೀರಾ?"

"ಹಲೋ... ಹಲೋ... ಕೇಳಿಸ್ತಿಲ್ಲ ಮೇಡಂ..."

ಟೀಚರ್ ಫೋನಿನ ಹತ್ತಿರ ಬಗ್ಗಿದರು.

"ಹೇಳ್ಬಿಡಪ್ಪಾ... ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ!"