ಗ್ಯಾಸ್ ತಿನ್ನುವ ಕೆಲಸಗಾರರು

"ತಾತಾ, ಬೆಂಕಿ ಎಲ್ಲಿ ಹೋಯ್ತು?"

ಸ್ಕೂಲ್ ಬ್ಯಾಗನ್ನೂ ಇಳಿಸದೆ ಮಲ್ಲಿ ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. ತಾತ 'ಮಾತಿನಮಲ್ಲಿ' ಎಂದು ಕರೆದು ಕರೆದು ಅವಳು ಎಲ್ಲರಿಗೂ ಮಲ್ಲಿಯೇ ಆಗಿಬಿಟ್ಟಿದ್ದಳು. ಎದುರಿಗೆ ಉಕ್ಕಿನ ಕಾರ್ಖಾನೆಯ ಚಿಮಣಿ. ಅವಳು ಹುಟ್ಟುವುದಕ್ಕೂ ಮೊದಲಿನಿಂದ ಅದರ ತುದಿಯಲ್ಲಿ ಉರಿಯುತ್ತಿದ್ದ ಬೆಂಕಿ ಇವತ್ತು ಇರಲಿಲ್ಲ.

"ಆರಿಸಿಬಿಟ್ರು ಕಣೇ," ಎಂದರು ತಾತ. ಮೂವತ್ತೆರಡು ವರ್ಷ ಅಲ್ಲೇ ಕುಲುಮೆಯ ಹತ್ತಿರ ದುಡಿದವರು. ರಿಟೈರ್ ಆದ ಮೇಲೂ ದಿನಾ ಸಂಜೆ ಕುರ್ಚಿಯನ್ನು ಕಿಟಕಿಯ ಕಡೆಗೇ ತಿರುಗಿಸಿ ಕೂರುತ್ತಿದ್ದರು.

ಅಮ್ಮ ಅದೇ ಕಾರ್ಖಾನೆಯಲ್ಲಿ ಆಪರೇಟರ್. ಡ್ಯೂಟಿ ಮುಗಿಸಿ ಬಂದವಳು ಖುಷಿಯಲ್ಲಿದ್ದಳು.

"ಇಷ್ಟು ದಿನ ಕುಲುಮೆ ಗ್ಯಾಸನ್ನ ಚಿಮಣಿ ತುದೀಲಿ ಸುಮ್ನೆ ಸುಟ್ಟು ಹಾಕ್ತಿದ್ವಿ. ಈಗ ಅದು ನಮ್ಮ ಟ್ಯಾಂಕಿಗೆ ಬರುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದು ಇಂಧನ ಮಾಡ್ತವೆ. ಬಸ್ಸು ಓಡಿಸಬಹುದು, ಗೊತ್ತಾ!"

"ನಿನ್ನ ಬ್ಯಾಕ್ಟೀರಿಯಾ ಹೊಟ್ಟೆಬಾಕಗಳು," ಎಂದಳು ಮಲ್ಲಿ. "ತಾತನ ಬೆಂಕೀನೂ ತಿಂದು ಹಾಕಿದ್ವು."

ತಾತ ನಗಲಿಲ್ಲ. ಊಟಕ್ಕೆ ಎರಡು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ.

ಭಾನುವಾರ ಕೆಲಸಗಾರರ ಮನೆಯವರನ್ನು ಹೊಸ ಟ್ಯಾಂಕ್ ನೋಡಲು ಒಳಗೆ ಬಿಟ್ಟರು. ಮಲ್ಲಿಯ ಹಳದಿ ಹೆಲ್ಮೆಟ್ ಹುಬ್ಬಿನವರೆಗೂ ಜಾರಿತ್ತು. ಟ್ಯಾಂಕಿಗೆ ಅಂಗೈಯಗಲದ ಒಂದು ಗಾಜು. ಒಳಗೆ ಕಂದು ನೀರು, ಗುಳುಗುಳು ಏಳುವ ಗುಳ್ಳೆ.

"ಎಲ್ಲಿವೆ ಅಮ್ಮಾ? ಒಂದೂ ಕಾಣಲ್ಲ!"

"ಒಂದು ಹನೀಲಿ ಕೋಟಿಗಟ್ಟಲೆ ಇವೆ. ರಜಾ ಇಲ್ಲ, ಭಾನುವಾರ ಇಲ್ಲ. ಗ್ಯಾಸ್ ನಿಂತ್ರೆ ಮಾತ್ರ ಸೊರಗಿ ಹೋಗ್ತವೆ."

ತಾತ ಗಾಜಿನತ್ತ ನೋಡಲೇ ಇಲ್ಲ. ಸುತ್ತಲೂ ಹುಡುಕುತ್ತಿದ್ದರು.

"ಎಲ್ಲಿ ಮಗಳೇ, ನಿಮ್ಮ ಶಿಫ್ಟಿನವ್ರು ಯಾರೂ ಕಾಣಲ್ಲ?"

"ಇಬ್ರೇ ಅಪ್ಪಾ. ನಾನು ಇಲ್ಲಿ, ಇನ್ನೊಬ್ರು ಅಲ್ಲಿ ಕಂಪ್ಯೂಟರ್ ಮುಂದೆ."

"ನಾವು ಹದಿನಾಲ್ಕು ಜನ ಇದ್ವಿ." ತಾತನ ದನಿ ಸಣ್ಣದಾಯಿತು. "ಕ್ರೇನಿನ ಉದ್ದಣ್ಣ, ಇಡೀ ದಿನ ಒಂದೇ ಹಾಡು ಹಾಡ್ತಿದ್ದ. ವೆಲ್ಡರ್ ಗುಂಡ, ಎಲ್ಲರ ಊಟದ ಡಬ್ಬೀಗೂ ಕೈ ಹಾಕ್ತಿದ್ದ. ಆಮೇಲೆ ನಮ್ಮ ಫಿಟ್ಟರ್... ಅವನು ಸೀನಿದ್ರೆ ಷೆಡ್ಡೇ ಅದುರೋದು. ಹೋದ ವರ್ಷ ಅವನೂ ತೀರಿಕೊಂಡ. ಈಗ ಉಳಿದಿರೋನು ನಾನೊಬ್ನೇ."

ಮಲ್ಲಿಗೆ ಆಗ ಹೊಳೆಯಿತು: ತಾತ ದಿನಾ ಸಂಜೆ ಕಿಟಕಿಯಿಂದ ನೋಡುತ್ತಿದ್ದುದು ಬರೀ ಬೆಂಕಿಯನ್ನಲ್ಲ.

ಅವಳು ಮೆಲ್ಲಗೆ ಕೇಳಿದಳು, "ತಾತಾ, ಅವ್ರು ಹೇಗೆ ಸೀನ್ತಿದ್ರು?"

"ಥೂ, ಇಲ್ಲಿ ಬೇಡ ಬಿಡು."

"ಒಂದೇ ಒಂದ್ಸಲ."

ತಾತ ಅತ್ತಿತ್ತ ನೋಡಿದರು. ಹೆಲ್ಮೆಟ್ ಸರಿಮಾಡಿಕೊಂಡರು. ತಲೆ ಹಿಂದಕ್ಕೆ ಎತ್ತಿ, "ಆ... ಆ... ಆಕ್ಷೀ!"

ಕಂಪ್ಯೂಟರ್ ಮುಂದಿದ್ದವರು ಬೆಚ್ಚಿಬಿದ್ದು ಎದ್ದೇಬಿಟ್ಟರು. ಅಮ್ಮ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಳು. ತಾತನೂ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿಕೊಂಡಿತ್ತು.

ಮಲ್ಲಿ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಈಗ ಉದ್ದಣ್ಣನ ಹಾಡು," ಎಂದಳು.